ತಿಕೋಟಾ ಶೆಡ್ಡಿನ ಕಿವುಡ ಹೂಟರ್

ಮೊದಲ ಫೋನ್ ಬಂದಾಗ ನಾನು ಅಥಣಿ ರಸ್ತಾದ ಹೆಡ್ ಆಫೀಸಿನ್ಯಾಗ ಪ್ರಿಂಟರ್ ಬಿಚ್ಚಿಕೊಂಡು ಕುಂತಿದ್ದೆ. ತಿಕೋಟಾದ ಮ್ಯಾನೇಜರ್ ಸಾಹೇಬ್ರು ಮಾತಾಡಿದ್ರು. ಮುಂಜಾನೆ ಕಂಪ್ಯೂಟರ್ ಚಾಲೂ ಮಾಡಿದ್ರ ಕೆಲವು ನಡದಾವು, ಕೆಲವು ಸತ್ತಂಗ ಕುಂತಾವು, ತೂಕದ ಕಾಟಾ ಬಿಲ್ ಬಿಡವಲ್ದು, ಗೇಟಿನ ಮುಂದ ಒಣದ್ರಾಕ್ಷಿ ಗಾಡಿ ಸಾಲು ಹಚ್ಯಾವು, ಲಗೂನ ಬರ್ರಿ ಅಂದ್ರು. ಪ್ರಿಂಟರ್ ಹಂಗ ಬಿಟ್ಟು ಗಾಡಿ ಹತ್ತಿದೆ.

ಅದು ಒಣದ್ರಾಕ್ಷಿ ಇಡೋ ಕೋಲ್ಡ್ ಸ್ಟೋರೇಜ್ ಕಂಪನಿ. ಹೆಡ್ ಆಫೀಸು ವಿಜಯಪುರದಾಗ, ಥಂಡಿ ಕೋಣಿಗಳು ತಿಕೋಟಾದಾಗ, ಮಾಲು ತಗೊಳ್ಳೋ ಸಣ್ಣ ಆಫೀಸೊಂದು ಬಬಲೇಶ್ವರದಾಗ. ಮೂರೂ ಕಡೆ ನೆಟ್‌ವರ್ಕ್ ನೋಡಿಕೊಳ್ಳೋ ಕೆಲಸ ನಂದು. ನಾನು ಮೊದಲಿಂದ ಅಂಜುಬುರುಕ ಮನಷ್ಯಾ. ಫೋನ್ ಬಂತಂದ್ರ ಏನ್ ಸುಟ್ಟೈತೋ, ಯಾರು ಬೈತಾರೋ ಅಂತ ಮೊದಲ ಅಂಜಿಕಿ ಬರ್ತೈತಿ, ಆಮ್ಯಾಲೆ ಕಿವಿ ಕೇಳಸ್ತೈತಿ.

ನಾನು ಹೋಗಿ ಮುಟ್ಟೂದ್ರಾಗ ಎಲ್ಲಾ ಸರಿ ಆಗಿತ್ತು. ಬಂದ್ ಮಾಡಿ ಚಾಲೂ ಮಾಡಿದ್ವಿ, ನಡದಾವು ನೋಡ್ರಿ ಅಂತ ಸಾಹೇಬ್ರು ಚಾ ತರಿಸಿದ್ರು. ನನಗ ಸಮಾಧಾನ ಆಗಲಿಲ್ಲ. ಯಾರೂ ಮುಟ್ಟದ ಒಂದು ಕಂಪ್ಯೂಟರ್ ಮೂಲ್ಯಾಗ ಹಂಗ ಇತ್ತು. ಅದರ ಐಪಿ ಅಡ್ರೆಸ್ ತಗದು ನೋಡಿದೆ. ನಮ್ಮ ಅಡ್ರೆಸ್ ಎಲ್ಲಾ ಹತ್ತರಿಂದ ಸುರು ಆಗ್ತಾವು. ಇದು ನೂರಾ ತೊಂಬತ್ತೆರಡರಿಂದ ಸುರು ಆಗಿತ್ತು. ಅಂಥ ನಂಬರ್ ನಾವು ಆ ಊರಾಗ ಯಾರಿಗೂ ಕೊಟ್ಟಿದ್ದಿಲ್ಲ.

ಗೊತ್ತಿಲ್ಲದವರಿಗೆ ಒಂದೀಟು ಹೇಳ್ತೀನಿ. ದವಾಖಾನಿ ಬಾಗಲದಾಗ ಒಬ್ಬಾಂವ ಕುಂತು ಬಂದವರಿಗೆ ನಂಬರ್ ಚೀಟಿ ಕೊಡ್ತಾನಲ್ಲ, ನೆಟ್‌ವರ್ಕಿನ್ಯಾಗೂ ಹಂಗ ಒಬ್ಬಾಂವ ಇರ್ತಾನ. ಮಷೀನ್ ಚಾಲೂ ಆದಕೂಡಲೇ ನನ್ನ ನಂಬರ್ ಏನು ಅಂತ ಕೇಳ್ತೈತಿ, ಅವನು ಸ್ವಲ್ಪ ಹೊತ್ತಿನ ಮಟ್ಟಿಗೆ ಒಂದು ನಂಬರ್ ಕೊಡ್ತಾನ. ನಮ್ಮಲ್ಲಿ ಆ ಕೆಲಸ ಮಾಡೋ ಡಬ್ಬಿ ಒಂದೇ ಇತ್ತು. ಈಗ ಎಲ್ಲೋ ಇನ್ನೊಬ್ಬಾಂವ ಕುಂತು ತನ್ನ ಚೀಟಿ ಹಂಚಾಕತ್ತಿದ್ದ. ಯಾರಿಗೆ ಅವನ ಚೀಟಿ ಸಿಕ್ಕಿತೋ ಅವರು ನಮ್ಮ ಯಾರ ಕೂಡನೂ ಮಾತಾಡಾಕ ಬರೂದಿಲ್ಲ.

ಹೊರಗಿನವರು ಯಾರರ ಹೊಕ್ಕಾರೇನು ಅಂತ ಎದಿ ಧಸಕ್ಕಂತು. ಲ್ಯಾಪ್‌ಟಾಪ್ ಹಚ್ಚಿ ಚೀಟಿ ಕೊಡೋರು ಯಾರ್ಯಾರಿದ್ದೀರಿ ಅಂತ ನೆಟ್‌ವರ್ಕಿನ್ಯಾಗ ಕೂಗಿದೆ, ನಮ್ಮ ಡಬ್ಬಿ ಒಂದೇ ಓ ಅಂತು. ಇನ್ನೊಬ್ಬಾಂವ ಅಷ್ಟರಾಗ ಎದ್ದು ಹೋಗಿದ್ದ.

ಅವತ್ತು ನಾನು ಹಂಗ ತಿರುಗಿ ಬರ್ತಿದ್ದೆ ಕಾಣಸ್ತೈತಿ. ಆದ್ರ ಗಾಡಿ ಹಂತ್ಯಾಕ ಪ್ಲಾಂಟ್ ಆಪರೇಟರ್ ಸಿಕ್ಕ. ಥಂಡಿ ಕೋಣಿಯ ಮಷೀನ್ ನಡಸೋ ಮನಷ್ಯಾ, ಮಾತು ಕಡಿಮಿ. ಮಾತಿಗೆ ಮಾತು ಬಂದು, ನಿನ್ನೆ ಗ್ಯಾಸಿನ ಟೆಸ್ಟ್ ಮಾಡಿದಾಗ ಶೆಡ್ಡಿನ ಹೂಟರ್ ಒದರಲಿಲ್ಲ, ಇವತ್ತ ಮಾಡಿದ್ರ ಒದರ್ತೈತಿ, ವೈರ್ ಸಡ್ಲ ಆಗಿರಬೇಕು ಅಂದ.

ನಾನು ಹಾಕಿಕೊಂಡ ಹೆಲ್ಮೆಟ್ ತಗದೆ. ಆ ಹೂಟರ್ ನಮ್ಮ ನೆಟ್‌ವರ್ಕಿನ ಮ್ಯಾಲೆ ನಡೀತೈತಿ.

ಥಂಡಿ ಮಾಡಾಕ ಅಲ್ಲಿ ಅಮೋನಿಯಾ ಗ್ಯಾಸ್ ಬಳಸ್ತಾರ. ಸೋರಿದ್ರ ಕಣ್ಣು, ಗಂಟಲು ಸುಡ್ತೈತಿ, ಜಾಸ್ತಿ ಆದ್ರ ಜೀವ ಹೋಗ್ತೈತಿ. ಮಷೀನ್ ರೂಮಿನ ಗ್ವಾಡಿ ಮ್ಯಾಲೆ ಗ್ಯಾಸ್ ಹಿಡಿಯೋ ಯಂತ್ರ ಐತಿ, ಅಲ್ಲೇ ಒಂದು ಹಳೇ ಸೈರನ್ ಐತಿ. ಆದ್ರ ಗ್ವಾಡಿ ಆಚೆ ಒಣದ್ರಾಕ್ಷಿ ಆರಸೋ, ಅಂದ್ರ ಒಳ್ಳೇದು ಕೆಟ್ಟದ್ದು ಬ್ಯಾರೆ ಮಾಡೋ ಶೆಡ್ ಹೊಸದಾಗಿ ಕಟ್ಟಿದಾಗ ಅಲ್ಲಿಗೆ ಬ್ಯಾರೆ ಹೂಟರ್ ಹಾಕಿದ್ರು. ಹಾಕಿದ ಕಂಪನಿಯವರು ಪುಣೆದವರು. ಬ್ಯಾರೆ ವೈರ್ ಎಳಿಯೂದ್ಯಾಕ ಅಂತ ಅದನ್ನ ಆಫೀಸಿನ ನೆಟ್‌ವರ್ಕಿಗೆ ಹಚ್ಚಿ ಹೋಗಿದ್ರು. ಗ್ಯಾಸ್ ಯಂತ್ರ ಕೂಗಿದ್ದು ನೆಟ್‌ವರ್ಕಿನ್ಯಾಗ ಹಾದು ಹೂಟರಿಗೆ ಮುಟ್ಟಬೇಕು. ಹೂಟರಿಗೆ ತಪ್ಪು ನಂಬರ್ ಸಿಕ್ಕಿದ್ರ ಅದು ಕಿವುಡ. ಶೆಡ್ಡಿನ್ಯಾಗ ಆರಸೋ ಯಂತ್ರದ ಸಪ್ಪಳ ಒಬ್ಬರ ಮಾತು ಒಬ್ಬರಿಗೆ ಕೇಳಗೊಡೂದಿಲ್ಲ, ಮಷೀನ್ ರೂಮಿನ ಸೈರನ್ ಎಲ್ಲಿ ಕೇಳಬೇಕು?

ಆ ಶೆಡ್ಡಿನ್ಯಾಗ ಒಂದು ದಂಡು ಹೆಣ್ಮಕ್ಕಳು ಕೂಡ್ರತಾರ. ಅದರಾಗ ಒಬ್ಬಾಕಿ ನನ್ನ ತಂಗಿ. ಅಲ್ಲೇ ಹಂತ್ಯಾಕಿನ ಘೋಣಸಗಿ ಊರಿಗೆ ಮದುವಿ ಮಾಡಿ ಕೊಟ್ಟೀವಿ. ಆಕಿಗೆ ಆ ಕೆಲಸ ಹಚ್ಚಿಕೊಟ್ಟಾಂವ ನಾನ.

ನಾನು ವಾಪಸ್ ಸಾಹೇಬ್ರ ಹಂತ್ಯಾಕ ಹೋದೆ. ಇದು ಪತ್ತೆ ಆಗೂತನಕ ಶೆಡ್ ಬಂದ್ ಇಡ್ರಿ ಅಂದೆ. ಸೀಜನ್ನಿನ್ಯಾಗ ಏನ್ ಮಾತಾಡ್ತೀರಿ ಅಂದ್ರು. ಅಮೋನಿಯಾ ಅಂದ್ರ ಸತ್ತವರನ್ನೂ ಎಬ್ಬಸೋ ವಾಸನಿ, ಒಂದೀಟು ಬಂದ್ರ ಸಾಕು ಹೆಣ್ಮಕ್ಕಳು ತಾವ ಎದ್ದು ಓಡ್ತಾರ ಅಂದ್ರು. ಅದೂ ಖರೇನೇ ಅನಸ್ತೈತಿ, ಶೆಡ್ಡಿಗೆ ಹೋಗೂತನಕ. ಹಳದಿ ದ್ರಾಕ್ಷಿಗೆ ಗಂಧಕದ ಹೊಗಿ ಕೊಟ್ಟಿರ್ತಾರ, ಇಡೀ ಶೆಡ್ಡಿನ ಘಾಟು ಮೂಗಿಗೆ ಬಡೀತೈತಿ. ಹೆಣ್ಮಕ್ಕಳು ಮೂಗು ಬಾಯಿಗೆ ಬಿಗಿಯಾಗಿ ಅರಿಬಿ ಕಟ್ಟಿಕೊಂಡ ಕೂಡ್ರತಾರ. ಆ ವಾಸನ್ಯಾಗ ಇನ್ನೊಂದು ವಾಸನಿ ಬಂತಂತ ಗೊತ್ತಾಗೂದ್ರಾಗ ತಡ ಆಗಿರ್ತೈತಿ. ಇದನ್ನ ಹೇಳಿದೆ. ಆದ್ರೂ ಶೆಡ್ ಬಂದ್ ಆಗಲಿಲ್ಲ.

ಪುಣೆಯವರಿಗೆ ಫೋನ್ ಮಾಡಿದೆ, ಹೂಟರಿಗೆ ಕಾಯಂ ನಂಬರ್ ಹಾಕ್ತೀನಿ, ಪಾಸ್‌ವರ್ಡ್ ಕೊಡ್ರಿ ಅಂತ. ನಮ್ಮ ಮನಷ್ಯಾ ಬಂದಾಗ ಹಾಕ್ತಾನ ಅಂದ್ರು, ಯಾವಾಗ ಬರ್ತಾನ ಅಂದ್ರ ನಾಳೆ ಹೇಳ್ತೀವಿ ಅಂದ್ರು. ನೆಟ್‌ವರ್ಕಿನ ವೈರ್ ಎಲ್ಲಾ ಬಂದು ಕೂಡೋ ಡಬ್ಬಿಗೆ ಸ್ವಿಚ್ ಅಂತಾರ, ಅದು ಒಳ್ಳೇದಿದ್ದಿದ್ರ ಕಳ್ಳ ಚೀಟಿ ಹಂಚೂದನ್ನ ಅದ ತಡೀತಿತ್ತು. ನಮ್ಮದು ಸಾದಾ ಸ್ವಿಚ್. ಹೊಸದು ಬೇಕಂತ ಹೆಡ್ ಆಫೀಸಿಗೆ ಬರದು ಕೊಟ್ಟೆ. ಅಲ್ಲೀತನಕ ದಿನಾ ಒಮ್ಮೆ ಹೂಟರ್ ಒದರಿಸಿ ನೋಡ್ರಿ ಅಂತ ಆಪರೇಟರ್‌ಗೆ ಕೈಮುಗಿದೆ. ಆತ ಹೂಂ ಅಂದ, ಮಾಡಿದ ಕೂಡ.

ಬಬಲೇಶ್ವರದ ಆಫೀಸು ತಿಕೋಟಾದ ಜೋಡಿ ಒಂದೇ ವೈರಿನ ಮ್ಯಾಲೆ ಇದ್ದಂಗ ಜೋಡಿಸಿದ್ವಿ. ಕಳ್ಳ ಅಲ್ಲೂ ಇರಬಹುದು ಅನಿಸಿ ಅಲ್ಲಿಗೆ ಹೋದೆ. ಟೇಬಲ್ ಕೆಳಗ ಬಗ್ಗಿ ನೋಡಿದ್ರ ಸಿಕ್ಕ ಬಿಡ್ತು. ಅಲ್ಲಿಯ ಗುಮಾಸ್ತ ತನ್ನ ಮೊಬೈಲಿಗೆ ಬೇಕಂತ ಮನಿಯಿಂದ ವೈಫೈ ಡಬ್ಬಿ ತಂದು ಹಚ್ಚಿದ್ದ. ಪಾಪ, ಆತನ ಮುಖ ಬಿಳುಪೇರಿತು. ಅದನ್ನ ಕಿತ್ತು ಚೀಲದಾಗ ಹಾಕಿಕೊಂಡು ಬರೂಮುಂದ ಜೈನಾಪುರ ದಾಟೂತನಕ ಹಾಡು ಹೇಳಕೋತ ಬಂದೆ. ತಿಕೋಟಾದಾಗ ಕಂಡ ನಂಬರಿಗೂ ಈ ಡಬ್ಬಿ ಕೊಡೋ ನಂಬರಿಗೂ ನಡುವಿನ ಒಂದು ಅಂಕಿ ಹೊಂದತಿದ್ದಿಲ್ಲ. ಅದು ಕಣ್ಣಿಗೆ ಬಿದ್ದಿತ್ತು. ಅಂಜಿಕಿ ಹೋಗಲಿ ಅಂತ ಜೀವ ಎಷ್ಟು ಬಡಕೋತಿತ್ತಂದ್ರ, ಬಿದ್ದಿದ್ದನ್ನ ನಾನು ನೋಡಲಿಲ್ಲ.

ದಿನಗಳು ಹೋದವು. ಹೂಟರ್ ದಿನಾ ಒದರಿತು. ಮತ್ತ ಒಂದಿನ ಮಧ್ಯಾಹ್ನ ಆಪರೇಟರ್ ಫೋನ್ ಮಾಡಿದ.

"ಶೆಡ್ಡಿಂದು ಒದರವಲ್ದರಿ," ಅಂದ. "ಕಂಪ್ರೆಸರ್ ಚಾಲೂ ಮಾಡೂದೈತಿ."

ಅವತ್ತ ಅಮಾಸಿ. ಪ್ರತಿ ಅಮಾಸಿಗೆ ಕಂಪ್ರೆಸರ್ ನಿಲ್ಲಿಸಿ, ತೊಳದು, ವಿಭೂತಿ ಹಚ್ಚಿ, ಕಾಯಿ ಒಡದು, ಮಧ್ಯಾಹ್ನದ ಮ್ಯಾಲೆ ಚಾಲೂ ಮಾಡ್ತಾರ. ನಿಂತ ಮಷೀನ್ ಚಾಲೂ ಆಗೂ ಹೊತ್ತಿನ್ಯಾಗ ಒಮ್ಮೊಮ್ಮೆ ವಾಲ್ವಿನ ಸಂದಿಯಿಂದ ಗ್ಯಾಸ್ ಬಿಡ್ತೈತಿ, ಬಿಗಿ ಮಾಡಿದ್ರ ನಿಲ್ತೈತಿ ಅಂತ ಆತನೇ ಹೇಳಿದ. ಅಂದ್ರ ಹೂಟರ್ ಬೇಕಾದದ್ದೇ ಆವಾಗ. ನಾ ಬರೂತನಕ ಚಾಲೂ ಮಾಡಬ್ಯಾಡ್ರಿ ಅಂದೆ. ಕೋಣಿ ಬೆಚ್ಚಗಾಗಾಕತ್ತೈತಿ, ಭಾಳ ಹೊತ್ತು ತಡಿಯಾಕ ಬರೂದಿಲ್ಲ, ಲಗೂ ಬರ್ರಿ ಅಂದ. ದಾರ್‍ಯಾಗ ನನಗ ತಂಗಿ ಮುಖ ಒಂದ ಕಾಣಾಕತ್ತಿತ್ತು. ಗಾಡಿ ಎಷ್ಟು ಜೋರು ಬಿಟ್ಟೆನೋ ಗೊತ್ತಿಲ್ಲ, ಇಳದಕೂಡಲೇ ಸ್ವಿಚ್ಚಿನ ಹಂತ್ಯಾಕ ಓಡಿದೆ.

ಲ್ಯಾಪ್‌ಟಾಪ್ ಹಚ್ಚಿ ನಂಬರ್ ಕೇಳಿದೆ. ಕಳ್ಳನ ಚೀಟಿನೇ ಬಂತು. ಅದೇ ನೂರಾ ತೊಂಬತ್ತೆರಡು, ಅದೇ ಹೊಂದದ ಅಂಕಿ. ಬಬಲೇಶ್ವರದ ಗುಮಾಸ್ತನ ಡಬ್ಬಿ ಇನ್ನೂ ನನ್ನ ಮನ್ಯಾಗ ಚೀಲದಾಗಿತ್ತು. ಸುಮ್ಮನ ಆತನ ಮುಖ ಬಿಳುಪೇರಿಸಿ ಬಂದಿದ್ದೆ.

ಈ ಸಲ ಮಾತ್ರ ಕಳ್ಳ ಎದ್ದು ಹೋಗಿದ್ದಿಲ್ಲ. ಅವನಿಗೆ ಎಡಬಿಡದ ಪಿಂಗ್ ಹಚ್ಚಿದೆ, ಅಂದ್ರ ಇದ್ದೀಯೇನು, ಇದ್ದೀಯೇನು ಅಂತ ಕೇಳಕೋತ ಇರೂದು. ಇದ್ದೀನಿ ಇದ್ದೀನಿ ಅಂತ ಉತ್ತರ ಬರತಿತ್ತು. ಸ್ವಿಚ್ಚಿನ ವೈರ್ ಒಂದೊಂದ ಕಿತ್ತು ನೋಡೂದು, ಯಾವುದು ಕಿತ್ತಾಗ ಉತ್ತರ ನಿಲ್ತೈತೋ ಅದರ ಬೆನ್ನು ಹತ್ತೂದು, ಬ್ಯಾರೆ ದಾರಿ ಇಲ್ಲ. ಕಾಟಾದ್ದು ಕಿತ್ತೆ, ಉತ್ತರ ಬಂತು. ಕ್ಯಾಮರಾದ್ದು ಕಿತ್ತೆ, ಬಂತು. ಬಿಲ್ಲಿನ ಕಂಪ್ಯೂಟರಿಂದು, ಸಾಹೇಬ್ರದು, ಬಬಲೇಶ್ವರದ್ದು, ಎಲ್ಲಾ ಕಿತ್ತರೂ ಬಂತು. ಕಡಿಗೆ ಮೂಲ್ಯಾಗಿನ ಒಂದು ಬೂದಿ ಬಣ್ಣದ ವೈರ್ ಕಿತ್ತೆ. ಉತ್ತರ ನಿಂತಿತು. ಅದರ ತುದಿಗೆ ಪುಣೆಯವರು ಶೆಡ್ ಹೂಟರ್ ಅಂತ ಪಟ್ಟಿ ಅಂಟಿಸಿದ್ರು. ಹೂಟರಿಂದೂ ಕಳ್ಳಂದೂ ಒಂದೇ ವೈರು. ಆ ವೈರ್ ಹೊರಗ ಬಿಟ್ರ ಕಳ್ಳ ಹೋಗ್ತಾನ, ಹೂಟರೂ ಹೋಗ್ತೈತಿ. ಮತ್ತ ಹಚ್ಚಿದೆ.

ಆ ವೈರ್ ಗ್ವಾಡಿ ತೂತಿನಿಂದ ಒಳಗಿನ ಕೋಣಿಗೆ ಹೋಗಿತ್ತು. ಆ ಕೋಣಿಗೆ ನಾನು ಎಂದೂ ಹೋಗಿದ್ದಿಲ್ಲ. ದೇವರ ಫೋಟೋ ಇರೋ ಕೋಣಿ, ಎಲ್ಲಾರೂ ಕಾಲ್ಮರಿ ಬಿಟ್ಟು ಹೋಗ್ತಾರ, ನನಗೇನು ಕೆಲಸ ಅಂತ ಬಾಗಲದಾಗ ನಿಂತು ಮಾತಾಡಿಸಿ ಹೋಗತಿದ್ದೆ. ಯಾರೂ ಬ್ಯಾಡ ಅಂದಿದ್ದಿಲ್ಲ. ನಾನ ಹೋಗಿದ್ದಿಲ್ಲ.

ಹೊಸ್ತಿಲದಾಗ ಹಮಾಲರು ಕುಂತು ಪ್ರಸಾದ ತಿನ್ನಾಕತ್ತಿದ್ರು. ಅವರ ತಲಿ ಮ್ಯಾಲಿಂದ ಒಳಗ ನೋಡಿದೆ. ಗ್ವಾಡಿಗೆ ಹಚ್ಚಿದ ಹಲಗಿ ಮ್ಯಾಲೆ ಫೋಟೋ, ಒಡದ ಕಾಯಿ, ಊದಿನಕಡ್ಡಿ. ಫೋಟೋದ ಮುಂದ ಚೆಂಡುಹೂವಿನ ರಾಶಿ. ಆ ಹೂವಿನ ಸಂದ್ಯಾಗ ಹಸರು ದೀಪ ಪಿಳಿಪಿಳಿ ಅನ್ನಾಕತ್ತಿದ್ದವು.

ಕಳ್ಳ ಅಲ್ಲೇ ಇದ್ದ. ಹಳೇ ರೌಟರ್. ಹಣಿ ಮ್ಯಾಲೆ ಮೂರು ಗೀಟು ವಿಭೂತಿ, ಕುಂಕುಮ, ಆಂಟೆನಾಕ್ಕ ಸ್ಯಾವಂತಿಗಿ ಹೂವು. ಈ ಕಂಪನಿ ಒಂದ ಕೋಣ್ಯಾಗ ಸುರು ಆದಾಗ ಮೊದಲ ಹಚ್ಚಿದ ಡಬ್ಬಿ ಅದು. ಹೊಸ ಕಟ್ಟಡಕ್ಕ ಸಾಮಾನು ಸಾಗಸೂಮುಂದ ಸಿಕ್ಕಿತ್ತಂತ. ಲೆಕ್ಕ ನೋಡೋ ಅಕ್ಕಾರು ಅದನ್ನ ಒರಿಸಿ, ಅಮಾಸಿಗೊಮ್ಮೆ ಪೂಜಿಗೆ ಇಡಾಕತ್ತಿದ್ರು. ಸತ್ತ ಮಷೀನಿಗೆ ಪೂಜಿ ಮಾಡಬಾರದು, ಅದಕ್ಕ ಕರೆಂಟ್ ಕೊಡತಿದ್ರು. ಬರೇ ಕರೆಂಟ್ ಕೊಟ್ರ ಒಂದು ಕೆಂಪು ದೀಪ ಹತ್ತಿ ಸುಮ್ಮನ ಇರತಿತ್ತು. ವೈರ್ ಹಚ್ಚಿದ್ರ ಹಸರು ದೀಪ ಕುಣಿತಾವು, ಜೀವ ಬಂದಂಗ ಆಗ್ತೈತಿ. ಹಂಗಾಗಿ ವೈರೂ ಹಚ್ಚತಿದ್ರು. ಮರುದಿನ ಮುಂಜಾನೆ ಪೂಜಿ ತಗದು ಡಬ್ಬಿ ಕಟ್ಟಿ ಇಡತಿದ್ರು. ಮೊದಲ ಫೋನ್ ಬಂದದ್ದು ಅಂಥ ಮರುದಿನಾನೇ, ನಾನು ವಿಜಯಪುರದಿಂದ ಬಂದು ಮುಟ್ಟೂದ್ರಾಗ ಕಳ್ಳ ಮಾಯ. ಪುಣೆಯವರು ಹೂಟರಿಗಂತ ಅಲ್ಲಿ ಇನ್ನೊಂದು ಸಣ್ಣ ಸ್ವಿಚ್ ಇಟ್ಟು ಹೋಗಿದ್ರು. ಅದೂ ಮಷೀನ ಅಲ್ಲೇನು ಅಂತ ಅದನ್ನೂ ಹಲಗಿ ಮ್ಯಾಲೆ ಏರಿಸಿ ಹೂವು ಹಾಕಿದ್ರು. ಯಾವ ವೈರ್ ಯಾವುದಕ್ಕ ಹೋಗೈತಿ ಅಂತ ಹೂವು ಸರಸದ ತಿಳಿಯಂಗಿದ್ದಿಲ್ಲ.

ಇದೆಲ್ಲಾ ನನಗ ತಿಳದದ್ದು ಆಮ್ಯಾಲೆ. ಅವತ್ತ ಬಾಗಲದಾಗ ನಿಂತಾಗ ತಿಳದದ್ದು ಒಂದೇ, ಆ ಹೂವಿನ್ಯಾಗ ಕೈ ಹಾಕಬೇಕು.

ನಾನು ಮುಸಲ್ಮಾನ. ಈ ಆಫೀಸಿನ್ಯಾಗ ಅದನ್ನ ಯಾರೂ ನೆನಪು ಮಾಡಿದ್ದಿಲ್ಲ, ನಾನೂ ಮಾಡಿದ್ದಿಲ್ಲ. ಅವತ್ತ ನೆನಪಾತು. ಹಮಾಲರು ನನ್ನ ನೋಡಾಕತ್ತಿದ್ರು. ದಿನಾ ಚಾ ಹಂಚಿಕೊಂಡ ಕುಡದವರು, ಆದ್ರೂ ಅಂಜಿದೆ. ಯಾರರ ಒಬ್ರು ಮೊಬೈಲ್ ತಗದು ಹಿಡದ್ರ? ಸಾಬ್ರು ಪೂಜಿ ಕೆಡಿಸಿದ್ರು ಅಂತ ನಾಕು ಮಂದಿ ಬಾಯಿಗೆ ಬಿದ್ರ? ನನ್ನ ಕೆಲಸ ಹೋಗ್ಲಿ, ನನ್ನ ಮನಿ ಗತಿ ಏನು? ಪೂಜಿ ಮಾಡಿದವರನ್ನ ಕರೀರಿ ಅಂದೆ. ಅಕ್ಕಾರು ಶೆಡ್ಡಿಗೆ ಪ್ರಸಾದ ಕೊಡಾಕ ಹೋಗ್ಯಾರ ಅಂದ್ರು. ಸಾಹೇಬ್ರು ವಿಜಯಪುರಕ್ಕ ಹೋಗಿದ್ರು. ಅಷ್ಟರಾಗ ಆಪರೇಟರ್ ಬಂದು, ಇನ್ನ ತಡಿಯಾಕ ಆಗೂದಿಲ್ಲರಿ, ಚಾಲೂ ಮಾಡ್ತೀನಿ ಅಂದ.

ನನ್ನ ಅಂಜಿಕಿ ಎರಡು ಕಡೆ ಎಳೀತಿತ್ತು. ಹಿಂದ ಸರದ್ರ ನನಗ ಏನೂ ಆಗೂದಿಲ್ಲ. ಆಗೂದು ಗ್ವಾಡಿ ಆಚೆ ಕುಂತವರಿಗೆ. ಆಪರೇಟರ್‌ಗೆ, ನಾ ಹೇಳೂತನಕ ಬಟನ್ ಮುಟ್ಟಬ್ಯಾಡ್ರಿ ಅಂದು, ಹೊರಗಿನ ನಳಕ್ಕ ಹೋಗಿ ಕೈ ತೊಳಕೊಂಡೆ, ಕಾಲು ತೊಳಕೊಂಡೆ. ತಿರುಗಿ ಬಂದು ಹೊಸ್ತಿಲ ದಾಟಿದೆ.

"ಏನ್ ಮಾಡಾಕತ್ತೀರಿ ಸಾಬ್ರ?" ಅಂತ ಒಬ್ಬ ಹಮಾಲ ಕೇಳಿದ.

"ಇದರಾಗಿನ ಒಂದು ವೈರ್ ತಗೀಬೇಕ್ರಿ," ಅಂದೆ. "ಇಲ್ಲಂದ್ರ ಶೆಡ್ಡಿನ್ಯಾಗ ಗ್ಯಾಸ್ ಹೊಕ್ಕರೂ ಗೊತ್ತಾಗೂದಿಲ್ಲ."

ಆತ ಎದ್ದು ನಿಂತ. ಕಾಯಿ ಇದ್ದ ತಾಟು ಎತ್ತಿ ಜಾಗ ಮಾಡಿಕೊಟ್ಟ. ನಾನು ಹೂವು ಒಂದೊಂದ ಎತ್ತಿ ಆ ತಾಟಿನ್ಯಾಗ ಇಟ್ಟೆ. ವೈರ್ ಕಂಡಿತು. ಕಿತ್ತೆ. ಹಸರು ದೀಪ ಕುಣಿಯೂದು ನಿಂತಿತು.

ತಿರುಗಿ ನೋಡಿದ್ರ ಬಾಗಲದಾಗ ಅಕ್ಕಾರು ನಿಂತಿದ್ರು. ಕೈಯಾಗ ಖಾಲಿ ಪ್ರಸಾದದ ಡಬ್ಬಿ. ಯಾವಾಗ ಬಂದಿದ್ರೋ. ನಾನು ತೊದಲಕೋತ ಹೇಳಿದೆ: ಇದು ತಪ್ಪು ನಂಬರ್ ಕೊಡ್ತೈತ್ರಿ, ಹೂಟರ್ ಕಿವುಡ ಆಗ್ತೈತ್ರಿ, ಅಮಾಸಿಗೇ ಆಗ್ತೈತ್ರಿ. ಅವರು ಹಲಗಿ ಕಡೆ ನೋಡಲಿಲ್ಲ, ನನ್ನ ಕಡೆನ ನೋಡಿದ್ರು.

"ಇಷ್ಟು ಅಮಾಸಿ ನಾನ ನನ್ನ ಕೈಯಾರೆ ಹಚ್ಚೀನಲ್ಲೋ ತಮ್ಮಾ," ಅಂದ್ರು. "ಈಗರ ಹೂಟರ್ ಸರಿ ಆತೇನು?"

ಆಗಿದ್ದಿಲ್ಲ. ಕಳ್ಳ ಹೋದ್ರೂ ಅವನು ಕೊಟ್ಟ ಚೀಟಿ ಹೂಟರಿನ ಕೈಯಾಗ ಇನ್ನೂ ಇತ್ತು. ಆ ಚೀಟಿ ಹೊತ್ತು ಮುಗೀಬೇಕು, ಇಲ್ಲಾ ಹೂಟರ್ ಬಂದ್ ಮಾಡಿ ಚಾಲೂ ಮಾಡಬೇಕು, ಆವಾಗ ಅದು ಹೊಸಾದು ಕೇಳ್ತೈತಿ. ಅಕ್ಕಾರು ಮುಂದ, ನಾನು ಹಿಂದ, ಶೆಡ್ಡಿಗೆ ಓಡಿದ್ವಿ. ಅವರು ಸ್ಟೂಲ್ ಹಿಡದ್ರು, ನಾನು ಹತ್ತಿದೆ. ಹೂಟರಿನ ಪ್ಲಗ್ ತಗದು, ತಡದು, ಹಾಕಿದೆ. ಹತ್ತರಿಂದ ಸುರು ಆಗೋ ನಂಬರ್ ಬಂತು. ಆಪರೇಟರ್ ಟೆಸ್ಟ್ ಬಟನ್ ಒತ್ತಿದ. ಹೂಟರ್ ಕಿವಿ ಹರಿಯಂಗ ಒದರಿತು. ಹೆಣ್ಮಕ್ಕಳು ಗಾಬರಿ ಆಗಿ ಎದ್ರು, ಟೆಸ್ಟ್ ಐತಿ ಕೂಡ್ರಿ ಅಂತ ಅಕ್ಕಾರು ಕೂಗಿ ಹೇಳಿದ್ರು. ನನ್ನ ತಂಗಿ ಸ್ಟೂಲ್ ಮ್ಯಾಲಿದ್ದ ನನ್ನ ನೋಡಿ ನಗಾಕತ್ತಿದ್ಲು.

ಆ ರೌಟರಿನ ಪೂಜಿ ಆಮ್ಯಾಲೂ ನಿಲ್ಲಲಿಲ್ಲ. ನಾನು ಅದರಾಗಿನ ನಂಬರ್ ಹಂಚೂ ಕೆಲಸ ಬಂದ್ ಮಾಡಿ ಕೊಟ್ಟೆ. ಈಗ ಅಮಾಸಿಗೆ ಅದರ ದೀಪ ಕುಣಿತಾವು, ಯಾರ ಕೆಲಸಕ್ಕೂ ಅಡ್ಡ ಬರೂದಿಲ್ಲ.

ಅವತ್ತ ಹೂಟರ್ ಒದರಿದ ಮ್ಯಾಲೆ, ಕಂಪ್ರೆಸರ್ ಚಾಲೂ ಆಗಿ ಸರಿ ನಡಿಯೂತನಕ ಹೆಣ್ಮಕ್ಕಳನ್ನ ಹೊರಗ ಕಳಸೋಣ ಅಂತ ಸಾಹೇಬ್ರಿಗೆ ಫೋನ್ ಹಚ್ಚಿದೆ. ಹೂಟರ್ ಸರಿ ಆತಲ್ಲ, ಬಟನ್ ಒತ್ತೂದಕ್ಕ ಇಡೀ ಶೆಡ್ ಎಬ್ಬಸೂದೇನು ಅಂದ್ರು. ಅವರು ಅಂದದ್ದು ತಪ್ಪಲ್ಲ, ಹೂಟರ್ ಇರೂದು ಅದಕ್ಕ. ಆದ್ರ ನನ್ನ ಒಳಗಿನ ಅಂಜಿಕಿ ಯಾರ ಮಾತೂ ಕೇಳವಲ್ದು. ಆಪರೇಟರ್‌ಗೆ ಮಾಡ್ರಿ ಅಂದು, ನಾನು ಶೆಡ್ಡಿಗೆ ಹೋಗಿ ತಂಗಿ ಬಾಜೂಕ ಕುಂತೆ. ಯಾಕ ಬಂದಿ ಅಂತ ಕಣ್ಣಿನ್ಯಾಗ ಕೇಳಿದ್ಲು. ಸುಮ್ಮನ ಅಂತ ಕೈ ಮಾಡಿದೆ.

ನೆಲ ಸಣ್ಣಗ ನಡಗಿತು. ಕಂಪ್ರೆಸರ್ ಚಾಲೂ ಆತು. ನಾನು ಹೂಟರ್ ಕಡೆನ ನೋಡಕೋತ ಕುಂತೆ. ಸ್ವಲ್ಪ ಹೊತ್ತು ಏನೂ ಇಲ್ಲ. ತಂಗಿ ದ್ರಾಕ್ಷಿ ಆರಸಾಕತ್ತಿದ್ಲು. ಆಮ್ಯಾಲೆ ಅದು ಒದರಿತು.

ಇದು ಟೆಸ್ಟ್ ಅಲ್ಲ. ನಾನು ಎದ್ದು, ನಡೀರಿ ನಡೀರಿ ಅಂತ ಚೀರಿದೆ. ಟೆಸ್ಟ್ ಅಂತ ಕುಂತೇ ಇದ್ದವರನ್ನ ಅಕ್ಕಾರು ರಟ್ಟಿ ಹಿಡದು ಎಬ್ಬಿಸಿದ್ರು. ಬಾಗಲಕ್ಕ ಬರೂದ್ರಾಗ ಕಣ್ಣು ಉರಿಯಾಕ ಹತ್ತಿದ್ವು, ಗಂಟಲದಾಗ ಚೂರಿ ಆಡಿಸಿದಂಗ ಆತು. ಗಾಳಿ ಬರೋ ಕಡೆ ನಡೀರಿ ಅಂತ ಯಾರೋ ಅಂದ್ರು. ಗೇಟಿನ ಹಂತ್ಯಾಕ ಎಲ್ಲಾರೂ ನಿಂತ್ವಿ. ಅಕ್ಕಾರು ಒಬ್ಬೊಬ್ಬರ ಮುಖ ಮುಟ್ಟಿ ನೋಡಕೋತ ಹೋದ್ರು. ಎಲ್ಲಾರೂ ಇದ್ರು. ಆಪರೇಟರ್ ಮುಖಕ್ಕ ಮಾಸ್ಕ್ ಹಾಕಿಕೊಂಡು ವಾಲ್ವ್ ಬಿಗಿ ಮಾಡಿ ಹೊರಗ ಬಂದ, ನಿಂತಿತು ಅಂತ ಕೈ ಎತ್ತಿದ.

ನಾನು ನೆಲಕ್ಕ ಕುಂತೆ. ಕಣ್ಣೀರು ಗ್ಯಾಸಿಂದೋ ಅಂಜಿಕಿದೋ ನನಗ ತಿಳೀಲಿಲ್ಲ, ಸುರೀತಿತ್ತು. ತಂಗಿ ಬಂದು ಮುಂದ ನಿಂತ್ಲು. ಮನ್ಯಾಗ ನಾವು ಉರ್ದು ಮಾತಾಡೂದು. ಅವತ್ತ ಎಲ್ಲಾರ ಮುಂದ ಆಕಿ ಕನ್ನಡದಾಗ ಕೇಳಿದ್ಲು.

"ನಿನಗ ಗೊತ್ತಿತ್ತೇನು ಭಾಯಿ?"

"ಗೊತ್ತಿದ್ದಿಲ್ಲ. ಅಂಜಿಕಿ ಆಗಿತ್ತು."

"ಹಂಗಿದ್ರ ನನ್ನ ಹೊರಗ ಕರೀಬೇಕಿತ್ತು. ನೀನ ಒಳಗ ಬಂದು ಕೂಡೂದೇನು?"

"ನಿನ್ನೊಬ್ಬಾಕಿನ್ನ ಹೆಂಗ ಕರೀಲಿ?" ಅಂದೆ.

ಆಕಿ ಸುತ್ತಲೂ ನಿಂತ ಹೆಣ್ಮಕ್ಕಳನ್ನ ನೋಡಿದ್ಲು. ಕೆಮ್ಮಾಕತ್ತಿದ್ರು, ಒಬ್ಬರ ಮುಖಕ್ಕ ಒಬ್ಬರು ನೀರು ಹಾಕಾಕತ್ತಿದ್ರು. ಮೂಗಿಗೆ ಕಟ್ಟಿದ್ದ ಅರಿಬಿ ಬಿಚ್ಚಿ ನನ್ನ ಕೈಯಾಗ ಕೊಟ್ಟು, ಕಣ್ಣು ಒರಸ್ಕೋ ಅಂದ್ಲು.